ನಮ್ಮೂರಿನ ಕಂಬ, ಹುಮನಾಬಾದಿನ ಹುಡುಗ

ಕಳೆದ ಮಳೆಗಾಲದ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಗಾಳಿ ಬೀಸಿತು, ಹಲಸಿನ ಮರದ ದೊಡ್ಡ ಗೆಲ್ಲು ತಂತಿಯ ಮೇಲೆ ಬಿತ್ತು, ಊರಿಡೀ ಕತ್ತಲೆ. ಫೋನ್ ಮಾಡಿ ಒಂದು ಗಂಟೆ ಕಳೆದ ಮೇಲೆ ಬೈಕಿನಲ್ಲಿ ಇಬ್ಬರು ಹುಡುಗರು ರೈನ್‌ಕೋಟ್ ಹಾಕಿಕೊಂಡು ಬಂದರು. ಒಬ್ಬ ಗೆಲ್ಲು ಕಡಿದ, ಇನ್ನೊಬ್ಬ ಸೊಂಟಕ್ಕೆ ಬೆಲ್ಟ್ ಕಟ್ಟಿ ಜಾರುವ ಕಂಬ ಹತ್ತಿದ. ನಾವು ಕೆಳಗೆ ನಿಂತು ಟಾರ್ಚ್ ಬಿಡುವ ಕೆಲಸ ಮಾಡಿದೆವು, ಅಷ್ಟೆ. ಹನ್ನೊಂದು ಗಂಟೆಗೆ ಬೆಳಕು ಬಂತು. ಆ ಹುಡುಗನಿಗೆ ಕಟ್ಟಂಚಾಯ ಕೊಟ್ಟು ಯಾವೂರು ಎಂದು ಕೇಳಿದೆವು.

"ಹುಮನಾಬಾದ್ ರಿ, ಹಜರತ್. ಬೀದರ್ ಜಿಲ್ಲಾ."

ನಮಗೆ ಸ್ವಲ್ಪ ನಾಚಿಕೆಯಾಯಿತು. ಆ ರಾತ್ರಿ ನಮ್ಮ ಪಕ್ಕದಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ ಹುಡುಗರು ಹತ್ತು ಮಂದಿಯಾದರೂ ಇದ್ದರು. ಎಲ್ಲರೂ ನಮ್ಮವರೇ, ಎಸ್ಸೆಸ್ಸೆಲ್ಸಿ ಪಾಸಾದವರೇ. ನಮ್ಮ ಊರಿನ ಕಂಬ ಹತ್ತಲು ಏಳು ನೂರು ಕಿಲೋಮೀಟರ್ ಆಚೆಯ ಹುಡುಗ ಬರಬೇಕಾಯಿತು. ದಕ್ಷಿಣ ಕನ್ನಡ, ಉಡುಪಿಯ ಯಾವ ಸೆಕ್ಷನ್ ಆಫೀಸಿಗೆ ಹೋಗಿ ನೋಡಿದರೂ ಇದೇ ಕತೆ: ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆಯ ಮಕ್ಕಳು. ನಮ್ಮ ಮಳೆಯಲ್ಲಿ ನೆನೆದು ನಮಗೆ ಬೆಳಕು ಕೊಡುವವರು ಅವರು.

ಅದೇ ವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಉಮ್ಮ ಮದ್ರಸದ ಬಾಗಿಲಿಗೆ ಬಂದರು. ಹುಡುಗ ನಮ್ಮಲ್ಲಿ ಏಳನೇ ಕ್ಲಾಸ್ ತನಕ ಓದಿದವ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ, ಪಿಯುಸಿ ಮುಗಿದಿದೆ. ಉಪ್ಪ ಸೌದಿಯಿಂದ ಕೆಲಸ ಬಿಟ್ಟು ಬಂದು ಮನೆಯಲ್ಲಿದ್ದಾರೆ. ಮಾವ ಜುಬೈಲಿಗೆ ಹೆಲ್ಪರ್ ವೀಸಾ ಕಳುಹಿಸುತ್ತೇನೆ ಎನ್ನುತ್ತಿದ್ದಾನೆ. ಹುಡುಗ ಮಾತ್ರ ಪವರ್‌ಮ್ಯಾನ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದು ಹಠ ಹಿಡಿದಿದ್ದಾನೆ. "ಉಸ್ತಾದೇ, ನೀವೇ ಹೇಳಿ. ಇರುವವ ಒಬ್ಬನೇ ಮಗ. ಕರೆಂಟಿನ ಕಂಬಕ್ಕೆ ಕಳುಹಿಸಲಾ?" ಎಂದು ಕೇಳಿದರು.

ಅಲಿಫ್ ಬಾ ಕಲಿಸುವ ನಮಗೆ ಕರೆಂಟಿನ ವಿಷಯ ಏನು ಗೊತ್ತು? ಆದರೆ ಕೇಳಿದ ಪ್ರಶ್ನೆಗೆ ತಿಳಿಯದೆ ಉತ್ತರ ಕೊಡಬಾರದು. ಅಷ್ಟರಲ್ಲಿ ಆ ಪವರ್‌ಮ್ಯಾನ್ ಹುಡುಗ, ಜುಮಾಕ್ಕೆ ನಮ್ಮ ಮಸೀದಿಗೆ ಬಂದು ಬಂದು ಪರಿಚಯವಾದವ, ತಮ್ಮನ ಮದುವೆಗೆ ಹುಮನಾಬಾದಿಗೆ ಬರಲೇಬೇಕು ಎಂದು ಕರೆದ. ಮದುವೆಯೂ ಆಯಿತು, ವಿಚಾರಿಸಿದ ಹಾಗೂ ಆಯಿತು ಎಂದು ಹೊರಟೆವು.

ಕೆಇಬಿ ಹೋಗಿ ಕಂಪನಿ ಬಂದದ್ದು

ಮೊದಲು ಈ ಕಂಪನಿಗಳ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹಿರಿಯರು ಈಗಲೂ "ಕೆಇಬಿಯವರು" ಎಂದೇ ಹೇಳುವುದು. 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಎಂಬ ನಿಗಮವಾಯಿತು. 2002ರಲ್ಲಿ ಮನೆಮನೆಗೆ ಕರೆಂಟ್ ಹಂಚುವ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ವಹಿಸಿದರು. ನಮ್ಮ ಕರಾವಳಿ, ಶಿವಮೊಗ್ಗ, ಚಿಕ್ಕಮಗಳೂರಿಗೆ ಮೆಸ್ಕಾಂ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಗೆ ಜೆಸ್ಕಾಂ, ಅದರ ದೊಡ್ಡ ಆಫೀಸು ಕಲಬುರಗಿಯಲ್ಲಿ. ಹೆಸರು ಕಂಪನಿ ಎಂದಿದ್ದರೂ ಇವು ಸರಕಾರದ್ದೇ.

ಕಂಬ ಹತ್ತುವವನಿಗೆ ಹಿಂದೆ ಲೈನ್‌ಮನ್ ಎನ್ನುತ್ತಿದ್ದರು, ಕಾಗದದಲ್ಲಿ ಮಾರ್ಗದಾಳು. ಈಗ ಪವರ್‌ಮ್ಯಾನ್. 2024ರ ಅಕ್ಟೋಬರಿನಲ್ಲಿ ಕೆಪಿಟಿಸಿಎಲ್ ಎಲ್ಲ ಕಂಪನಿಗಳಿಗೂ ಸೇರಿಸಿ 2,975 ಹುದ್ದೆಗೆ ಅರ್ಜಿ ಕರೆದಿತ್ತು. ಹೆಚ್ಚಿನವು ಕಿರಿಯ ಪವರ್‌ಮ್ಯಾನ್, ಉಳಿದವು ಕಿರಿಯ ಸ್ಟೇಷನ್ ಪರಿಚಾರಕ. ಬೇಕಾದ ವಿದ್ಯೆ ಎಸ್ಸೆಸ್ಸೆಲ್ಸಿ ಮಾತ್ರ. ಬರೆಯುವ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಎಸ್ಸೆಸ್ಸೆಲ್ಸಿ ಅಂಕ ನೋಡಿ ಕರೆಯುತ್ತಾರೆ, ಮೈ ಕಸುವಿನ ಪರೀಕ್ಷೆ ಮಾಡುತ್ತಾರೆ. 8 ಮೀಟರ್ ಎತ್ತರದ ಕಂಬ ಹತ್ತಲೇಬೇಕು. ಉಳಿದಂತೆ 14 ಸೆಕೆಂಡಿನಲ್ಲಿ 100 ಮೀಟರ್ ಓಟ, 3 ನಿಮಿಷದಲ್ಲಿ 800 ಮೀಟರ್ ಓಟ, ಒಂದು ನಿಮಿಷದಲ್ಲಿ 50 ಸಲ ಸ್ಕಿಪ್ಪಿಂಗ್, 12 ಪೌಂಡಿನ ಗುಂಡನ್ನು 8 ಮೀಟರ್ ಎಸೆಯುವುದು. ಈ ನಾಲ್ಕರಲ್ಲಿ ಎರಡು ಪಾಸಾದರೆ ಸಾಕು.

ಸೇರಿದ ಮೊದಲ ಮೂರು ವರ್ಷ ತರಬೇತಿಯ ಕಾಲ, ನಿಗದಿ ಸಂಬಳ ಮಾತ್ರ, ಅದು ಕಮ್ಮಿ. ಕಾಯಂ ಆದ ಮೇಲೆ 28,550ರಿಂದ 63,000ದ ತನಕದ ಶ್ರೇಣಿ, ಮೇಲೆ ಭತ್ಯೆಗಳು. ಪಿಯುಸಿ ಆದ ಮೇಲೆ ಮೂರು ವರ್ಷ ಡಿಗ್ರಿ, ಡಿಗ್ರಿ ಆದ ಮೇಲೆ ಮಾಲ್‌ನಲ್ಲಿ ಹದಿನೈದು ಸಾವಿರಕ್ಕೆ ನಿಲ್ಲುವ ನಮ್ಮ ಮಕ್ಕಳ ಮನೆಯವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಹುಮನಾಬಾದಿನ ಮನೆಯಲ್ಲಿ

ಮಂಗಳೂರಿನಿಂದ ರಾತ್ರಿ ಬಸ್ ಹಿಡಿದು ಕಲಬುರಗಿ, ಅಲ್ಲಿಂದ ಅರವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹುಮನಾಬಾದ್. ಈಗ ಕಲಬುರಗಿ-ಬೀದರ್ ರೈಲೂ ಇದೆ, 2017ರಲ್ಲಿ ಶುರುವಾದದ್ದು. ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಹೊಲ. ತೊಗರಿ, ಸೋಯಾ, ಕಬ್ಬು. ನಡುವೆ ಸಾಲು ಸಾಲು ಕಂಬ, ಮರ ಕಮ್ಮಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ಅಲ್ಲಿ ಸಾವಿರವೂ ಮುಟ್ಟುವುದಿಲ್ಲ. ಹೈದರಾಬಾದ್-ಪುಣೆ ಹೆದ್ದಾರಿ ಊರನ್ನು ಸೀಳಿಕೊಂಡೇ ಹೋಗುತ್ತದೆ. ಅಂಗಡಿಯವನೊಬ್ಬ ಒಂದೇ ಮಾತಿನಲ್ಲಿ ಕನ್ನಡ, ಉರ್ದು, ಮರಾಠಿ ಮೂರನ್ನೂ ಸೇರಿಸಿ ಮಾತಾಡುವುದನ್ನು ಕೇಳಿ ನಮ್ಮ ಬ್ಯಾರಿ ಭಾಷೆಯ ನೆನಪಾಯಿತು.

ಮದುವೆ ಮನೆಯಲ್ಲಿ ಜೋಳದ ರೊಟ್ಟಿ, ತಹರಿ, ಬ್ಯಾಳಿ. ಊಟವಾದ ಮೇಲೆ ಆ ಹುಡುಗನ ಅಬ್ಬಾ ನಮ್ಮ ಪಕ್ಕ ಕುಳಿತರು. ಎರಡೆಕರೆ ಮಳೆ ನಂಬಿದ ಹೊಲ. ನಾಲ್ಕು ಮಕ್ಕಳು. "ಮಗನ ನೌಕರಿ ಬಂದ ಮ್ಯಾಲೆ ಸಾಲ ತೀರಿತ್ರಿ. ಮಗಳ ಮದುವಿ ಆಯ್ತು. ಈಗ ಇದು ಎರಡನೇ ಮದುವಿ. ಅಡತಿಯವನ ಮುಂದ ಕೈ ಚಾಚೋದು ತಪ್ಪಿತು" ಎಂದರು. ಅವರ ಮನೆಯ ಮೇಲೆ ಆರ್‌ಸಿಸಿ ಬಿದ್ದದ್ದು ಆ ಸಂಬಳದಿಂದ, ತಂಗಿ ಡಿ.ಎಡ್. ಓದಿದ್ದು ಆ ಸಂಬಳದಿಂದ.

ಹಾಗಾದರೆ ಮಗ ತನ್ನ ಊರಿನ ಕಂಪನಿಯಲ್ಲೇ ಯಾಕೆ ಸೇರಲಿಲ್ಲ? ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ಕಲಮಿನ ಸೌಲಭ್ಯ ಇದೆ, 2013ರಿಂದ ಅಲ್ಲಿನ ಸಿ ದರ್ಜೆ ಹುದ್ದೆಗಳಲ್ಲಿ ನೂರಕ್ಕೆ ಎಂಬತ್ತು ಅಲ್ಲಿಯವರಿಗೇ. ಆದರೆ ಅರ್ಜಿ ಹಾಕುವವರೂ ಅಲ್ಲಿ ಸಾಲುಗಟ್ಟಿ ಇದ್ದಾರೆ, ಅಂಕದ ಪೈಪೋಟಿ ಜೋರು. ಕರಾವಳಿಯಲ್ಲಿ ಅರ್ಜಿ ಹಾಕುವ ಊರಿನವರೇ ಕಮ್ಮಿ. ಹೀಗಾಗಿ ಅವನಿಗೆ ನಮ್ಮ ಜಿಲ್ಲೆ ಸಿಕ್ಕಿತು. ನಾವು ಬಿಟ್ಟ ಜಾಗದಲ್ಲಿ ಅವನು ಕುಳಿತ. ತಪ್ಪೇನೂ ಇಲ್ಲ, ಹಕ್ಕಿನಿಂದ ಕುಳಿತ.

"ನಿಮ್ಮ ಹುಡುಗ್ರು ಅಡಿಕಿ ಮರ ಮಂಗ್ಯಾನಂಗ ಏರ್ತಾವ್ರಿ ಹಜರತ್. ಕಂಬ ಯಾಕ ಏರಂಗಿಲ್ಲ?" ಎಂದು ಆತ ನಗುತ್ತಾ ಕೇಳಿದ. ಹುಮನಾಬಾದಿನಲ್ಲಿ ಹುಡುಕಿದರೂ ಅಡಿಕೆ ಮರ ಸಿಗುವುದಿಲ್ಲ. ಅವನು ಕಂಬ ಹತ್ತುವುದನ್ನು ಬೀದಿಯ ಕಂಬದಲ್ಲೇ ಕಲಿತದ್ದು.

ಆದರೆ ಅವನ ಅಮ್ಮಿ ಮಾತಾಡಿದ್ದು ಬೇರೆ. ನಾಲ್ಕು ವರ್ಷದಲ್ಲಿ ಮಗ ಎರಡು ಈದ್ ಮಾತ್ರ ಮನೆಯಲ್ಲಿ ಮಾಡಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ರಜೆ ಕೇಳುವ ಹಾಗೇ ಇಲ್ಲ. ಕರಾವಳಿಯಲ್ಲಿ ಮಳೆ ಜೋರು ಎಂದು ಟಿವಿಯಲ್ಲಿ ಬಂದರೆ ಇವರಿಗೆ ಇಲ್ಲಿ ನಿದ್ರೆ ಇಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗಿ ಊರಿಗೆ ಬರುವುದೂ ಸುಲಭವಲ್ಲ. ನಮ್ಮ ಗಲ್ಫ್ ಮನೆಗಳ ಉಮ್ಮಂದಿರ ಮಾತೇ ಇದು. ಆ ತಾಯಿಗೆ ಮಂಗಳೂರೇ ಗಲ್ಫ್.

ಬಸವಕಲ್ಯಾಣದ ಚಾಚಾ

ಮರುದಿನ ಮೂವತ್ತು ಕಿಲೋಮೀಟರ್ ಆಚೆಯ ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದರು. ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಣ್ಣನವರು ಬಾಳಿದ ಊರು. ಕೋಟೆ ಇದೆ, ರಾಜಾ ಬಾಗ್ ಸವಾರ್ ದರ್ಗಾ ಇದೆ. ಅಲ್ಲಿ ಈ ಹುಡುಗನ ತಾಯಿಯ ಕಡೆಯ ಚಾಚಾ ಒಬ್ಬರು. ಕೆಇಬಿ ಕಾಲದಲ್ಲಿ ಸೇರಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಮೊಣಕೈ ತನಕ ಸುಟ್ಟ ಗುರುತು.

ಲಾಭದ ಕತೆ ಅವರೂ ಹೇಳಿದರು. 2006ರ ಏಪ್ರಿಲ್‌ಗೆ ಮೊದಲು ಸೇರಿದವರಾದ್ದರಿಂದ ಹಳೆಯ ಪಿಂಚಣಿ ಬರುತ್ತದೆ, ಸತ್ತರೆ ಹೆಂಡತಿಗೂ ಬರುತ್ತದೆ. ಈಗ ಸೇರುವವರಿಗೆ ಆ ಭಾಗ್ಯ ಇಲ್ಲ, ಎನ್‌ಪಿಎಸ್. ಸಂಬಳದಿಂದ ಹಿಡಿದ ದುಡ್ಡು ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಪಿಂಚಣಿ.

ಆಮೇಲೆ ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದೆವು: ಜೀವಕ್ಕೆ ಎಷ್ಟು ಭಯ ಇದೆ? ಚಾಚಾ ನೆಲದ ಮೇಲೆ ಗೆರೆ ಎಳೆದು ಪಾಠ ಮಾಡಿದರು. ಸ್ಟೇಷನ್ನಿನಿಂದ ಹೊರಡುವ ಲೈನಿನಲ್ಲಿ 11,000 ವೋಲ್ಟ್. ನಮ್ಮ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್, ಅವರು ಅದಕ್ಕೆ ಟಿ.ಸಿ. ಎನ್ನುತ್ತಾರೆ, ಅದನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಮನೆಗೆ ಬರುವುದು 230. ದೊಡ್ಡ ಲೈನನ್ನು ಮುಟ್ಟಬೇಕೆಂದೇ ಇಲ್ಲ, ತೀರ ಸಮೀಪ ಹೋದರೂ ಎಳೆದುಕೊಳ್ಳುತ್ತದೆ. 230 ಸಣ್ಣದು ಎಂದುಕೊಳ್ಳಬಾರದು. ಒದ್ದೆ ಮೈಗೆ ಅದೇ ಸಾಕು.

ಕಂಬ ಹತ್ತುವ ಮೊದಲು ಮಾಡಬೇಕಾದ ಕೆಲಸ ಐದು. ಸ್ಟೇಷನ್ನಿನವನ ಹತ್ತಿರ ಲೈನ್ ಕ್ಲಿಯರ್ ಬರೆಸಿಕೊಳ್ಳಬೇಕು, ಅಂದರೆ ಇಂಥ ಫೀಡರ್ ಆಫ್ ಮಾಡಿದ್ದೇನೆ, ನೀನು ವಾಪಸು ಹೇಳುವ ತನಕ ಆನ್ ಮಾಡುವುದಿಲ್ಲ ಎಂಬ ಮಾತು. ಕೆಲಸದ ಜಾಗದ ಹತ್ತಿರದ ಸ್ವಿಚ್ಚನ್ನು ಸ್ವತಃ ತೆರೆಯಬೇಕು. ಲೈನಿನಲ್ಲಿ ಕರೆಂಟ್ ಇದೆಯೇ ಎಂದು ಟೆಸ್ಟರಿನಿಂದ ನೋಡಬೇಕು. ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಹಾಕಬೇಕು. ಹೆಲ್ಮೆಟ್, ಗ್ಲೌಸ್, ಬೆಲ್ಟ್ ಹಾಕಿಯೇ ಹತ್ತಬೇಕು. ಅರ್ಥಿಂಗ್ ರಾಡ್ ಎಂದರೆ ಮೂರೂ ತಂತಿಯನ್ನು ಸೇರಿಸಿ ಭೂಮಿಗೆ ಕಟ್ಟುವ ಸಾಧನ. ಯಾರೋ ತಪ್ಪಿ ಆನ್ ಮಾಡಿದರೂ ಕರೆಂಟ್ ಮನುಷ್ಯನನ್ನು ಬಿಟ್ಟು ಭೂಮಿಗೆ ಹೋಗುತ್ತದೆ, ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗುತ್ತದೆ.

"ನೀವು ಆ ದಿನ ಹಾಕಿದ್ದಿರಾ?" ಎಂದು ಅವರ ಕೈ ತೋರಿಸಿ ಕೇಳಿದೆವು.

"ಇಲ್ರಿ. ಹಬ್ಬದ ಮುಂದಿನ ದಿನ, ಸಂಜಿ ಹೊತ್ತು, ಜನ ಬೈಲಿಕತ್ತಿದ್ರು. ಒಂದೇ ಜಂಪರ್ ಅದ, ಎರಡು ಮಿನಿಟಿನ ಕೆಲಸ ಅಂತ ಏರಿದೆ. ಮಂದಿ ಮ್ಯಾಲ ಭರೋಸಾ ಇಡಬ್ಯಾಡ್ರಿ, ರಾಡಿನ ಮ್ಯಾಲ ಇಡ್ರಿ ಅಂತ ಹುಡುಗ್ರಿಗಿ ಹೇಳ್ತೀನಿ ಈಗ."

ಜನ ಬಯ್ಯುತ್ತಿದ್ದರು ಎಂಬ ಮಾತು ನಮಗೆ ನಾಟಿತು. ಕರೆಂಟ್ ಹೋದ ಐದು ನಿಮಿಷಕ್ಕೆ ಸೆಕ್ಷನ್ ಆಫೀಸಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬಯ್ಯುವವರು ನಮ್ಮಲ್ಲಿ ಕಮ್ಮಿ ಇಲ್ಲ. ಆ ಬೈಗಳ ಅವಸರದಲ್ಲಿ ಒಬ್ಬ ಹುಡುಗ ರಾಡ್ ಹಾಕುವುದನ್ನು ಬಿಟ್ಟು ಕಂಬ ಹತ್ತುತ್ತಾನೆ ಎಂದು ನಾವು ಯೋಚಿಸಿದ್ದಿಲ್ಲ.

ಗೋಡೆಯ ಮೇಲಿನ ಫೋಟೊ

ವಾಪಸು ಬರುವಾಗ ಚಾಚಾ ದಾರಿಯಲ್ಲಿ ಒಂದು ಹಳ್ಳಿಯ ಮನೆಗೆ ಕರೆದುಕೊಂಡು ಹೋದರು. ಊರಿನ ಹೆಸರು ಬರೆಯುವುದಿಲ್ಲ, ಕಂಪನಿಯ ಹೆಸರೂ ಬೇಡ. ತಗಡಿನ ಮಾಡು, ಗೋಡೆಯಲ್ಲಿ ಇಪ್ಪತ್ತೈದರ ಹುಡುಗನ ಫೋಟೊ. ಅವನೂ ಕಂಬ ಹತ್ತುವವನೇ, ಅದೇ ಲೈನಿನಲ್ಲಿ, ಅದೇ ಖಾಕಿ ಅಂಗಿಯಲ್ಲಿ. ಆದರೆ ಕಾಯಂ ನೌಕರನಲ್ಲ. ಗುತ್ತಿಗೆದಾರನ ಗ್ಯಾಂಗಿನ ಆಳು, ದಿನಗೂಲಿ.

ಆ ದಿನ ಫೀಡರ್ ಆಫ್ ಮಾಡಿಯೇ ಇತ್ತು. ಗುತ್ತಿಗೆದಾರ ಎರಡು ಗ್ಯಾಂಗಿಗೆ ಒಂದೇ ಸೆಟ್ ರಾಡ್ ಕೊಟ್ಟಿದ್ದ, ಅದು ಇನ್ನೊಂದು ಗ್ಯಾಂಗಿನ ಹತ್ತಿರ ಇತ್ತು. ಅಷ್ಟು ದೂರದ ಒಂದು ಫಂಕ್ಷನ್ ಹಾಲಿನಲ್ಲಿ ಮದುವೆ. ಕರೆಂಟ್ ಹೋಯಿತೆಂದು ಅಲ್ಲಿಯವರು ಜನರೇಟರ್ ಹಚ್ಚಿದರು. ಆ ಜನರೇಟರಿಗೆ ಚೇಂಜ್ ಓವರ್ ಸ್ವಿಚ್ ಇರಲಿಲ್ಲ. ಹಾಲಿನ ಕರೆಂಟ್ ಸರ್ವಿಸ್ ವಯರಿನಲ್ಲಿ ಹಿಂದಕ್ಕೆ ಹರಿದು ಟಿ.ಸಿ.ಗೆ ಹೋಯಿತು. ಟ್ರಾನ್ಸ್‌ಫಾರ್ಮರಿಗೆ ಹಿಂದೆ ಮುಂದೆ ಎಂಬುದಿಲ್ಲ. ಮೇಲಿನಿಂದ ಬಂದ 11,000ವನ್ನು ಇಳಿಸುವ ಹಾಗೆಯೇ ಕೆಳಗಿನಿಂದ ಬಂದದ್ದನ್ನು 11,000ಕ್ಕೆ ಏರಿಸಿ ಲೈನಿಗೆ ಬಿಡುತ್ತದೆ. ಸತ್ತ ಲೈನ್ ಎಂದು ಹಿಡಿದ ಹುಡುಗನ ಕೈಗೆ ಜೀವ ಇರುವ ಲೈನ್ ಸಿಕ್ಕಿತು.

ಕಾಯಂ ನೌಕರ ಕೆಲಸದಲ್ಲಿದ್ದಾಗ ತೀರಿಕೊಂಡರೆ ಮನೆಯ ಒಬ್ಬರು ಅನುಕಂಪದ ನೌಕರಿಗೆ ಅರ್ಜಿ ಹಾಕಬಹುದು. ಈ ಮನೆಗೆ ಅದಿಲ್ಲ. ಗುತ್ತಿಗೆದಾರ ಬಂದು ಸ್ವಲ್ಪ ನಗದು ಕೊಟ್ಟು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ತಾಯಿ ಅದೇ ಕೊನೆ ಎಂದುಕೊಂಡಿದ್ದರು. "ನಸೀಬ್ ರಿ" ಎಂದರು.

ನಸೀಬು ಅಲ್ಲಾಹನದ್ದು, ಆದರೆ ಹಕ್ಕು ಕಾನೂನಿನದ್ದು. ಕೆಲಸದಲ್ಲಿ ಸತ್ತ ಕಾರ್ಮಿಕನ ಮನೆಯವರಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಲ್ಲೇ ಬಂದಿತ್ತು. ಸಂಬಳ ಮತ್ತು ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ. ತಿಂಗಳಿಗೆ 15,000 ಸಂಬಳದ 25 ವರ್ಷದವ ಸತ್ತರೆ ಆ ಲೆಕ್ಕದಲ್ಲಿ ಹದಿನಾರು ಲಕ್ಷ ದಾಟುತ್ತದೆ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯನ್ನೂ ಕೇಳಬಹುದು. ಇಎಸ್‌ಐ ಕಟ್ಟಿದ್ದರೆ ಪರಿಹಾರದ ಬದಲು ಅವಲಂಬಿತರಿಗೆ ತಿಂಗಳು ತಿಂಗಳು ಹಣ ಬರುವ ದಾರಿ ಅದರಲ್ಲಿದೆ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು. ತಡವಾದರೂ ಸರಿಯಾದ ಕಾರಣ ಕೊಟ್ಟರೆ ಕೇಳಿಸಿಕೊಳ್ಳುವ ಅವಕಾಶ ಉಂಟು. ಈ ಮನೆಯಲ್ಲಿ ಎರಡು ವರ್ಷ ಕಳೆದು ನಾಲ್ಕು ತಿಂಗಳಾಗಿತ್ತು. ಚಾಚಾ ಆ ತಾಯಿಯ ಹತ್ತಿರ ಇದ್ದ ಕಾಗದವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಸೋಮವಾರ ವಕೀಲರ ಹತ್ತಿರ ಹೋಗುತ್ತೇನೆ ಎಂದರು. ಆಮೇಲೆ ಫೋನ್ ಮಾಡಿ ಕೇಳಿದೆವು. ಅರ್ಜಿ ಹಾಕಿದ್ದಾರೆ. ಇನ್ನು ಕಾಯಬೇಕು.

ಗಲ್ಫ್ ಜೊತೆ ತೂಗಿದರೆ

ನಮ್ಮವರಿಗೆ ಎನರ್ಜಿ ಕಂಪನಿ ಹೊಸದಲ್ಲ. ಜುಬೈಲ್, ರುವೈಸ್, ದಮ್ಮಾಮ್, ಎಲ್ಲ ಎಣ್ಣೆ, ಗ್ಯಾಸಿನ ಊರುಗಳೇ. ನಮ್ಮ ಮನೆಗಳ ಟೈಲ್ಸ್ ಬಂದದ್ದು ಅಲ್ಲಿಂದ. ಮಂಗಳೂರಿನಲ್ಲೇ ಎಂಆರ್‌ಪಿಎಲ್ ಇದೆ. ಆದರೆ ಅಲ್ಲೂ ಇಲ್ಲೂ ನಮ್ಮ ಹುಡುಗರು ಹೆಚ್ಚಾಗಿ ಹೋಗುವುದು ಶಟ್‌ಡೌನ್ ಕೆಲಸಕ್ಕೆ. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಒಂದೂವರೆ ಎರಡು ತಿಂಗಳು ಕೈತುಂಬ ದುಡ್ಡು, ಆಮೇಲೆ ಖಾಲಿ.

ಸೌದಿಯಲ್ಲಿ 2011ರಲ್ಲಿ ನಿತಾಖತ್ ಬಂತು, ಸ್ಥಳೀಯರಿಗೆ ಮೊದಲು ಕೆಲಸ ಎಂದರು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳಿಗೆ ತಲಾ ತಿಂಗಳಿಗೆ 100 ರಿಯಾಲ್ ಫೀಸು ಹಾಕಿದರು, ವರ್ಷ ವರ್ಷ ಏರಿಸಿ 400ಕ್ಕೆ ತಂದರು. ಎಷ್ಟು ಸಂಸಾರಗಳು ಆಗ ಪೆಟ್ಟಿಗೆ ಕಟ್ಟಿ ಬಂದವು ಎಂದು ನಮ್ಮ ಮದ್ರಸದ ಹಾಜರಿ ಪುಸ್ತಕವೇ ಹೇಳುತ್ತದೆ. ಆ ವರ್ಷ ನಡುವಿನಲ್ಲಿ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಂದ ಬಂದವರು.

ಗಲ್ಫ್‌ಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಸಂಬಳ ಅಲ್ಲಿ ಹೆಚ್ಚೇ. ನುರಿತ ಕೆಲಸ ಕಲಿತು ಹೋದವ ಚೆನ್ನಾಗಿಯೇ ಇದ್ದಾನೆ. ಆದರೆ ಹೆಲ್ಪರ್ ವೀಸಾಕ್ಕೆ ಲಕ್ಷ ಕೊಟ್ಟು ಹೋಗುವ ಹುಡುಗನಿಗೂ, ಅಂಕ ಇದ್ದು ಊರಿನಲ್ಲೇ ಅರುವತ್ತು ವರ್ಷ ವಯಸ್ಸಿನ ತನಕ ನೆಲೆ ಸಿಗುವ ಕೆಲಸಕ್ಕೂ ಹೋಲಿಕೆ ಮಾಡಿ ನೋಡಬೇಕು. ಬೀದರಿನ ತಾಯಿ ಮಗನನ್ನು ಏಳು ನೂರು ಕಿಲೋಮೀಟರ್ ಕಳುಹಿಸಿದ್ದಾಳೆ. ನಮ್ಮ ಹುಡುಗನಿಗೆ ಸಿಕ್ಕಿದರೆ ರಾತ್ರಿ ಮನೆಗೆ ಬಂದು ಉಣ್ಣಬಹುದು.

ಖಾಕಿ ಅಂಗಿಯ ಅಮಾನತ್

ಇನ್ನೊಂದು ವಿಷಯವನ್ನು ಉಸ್ತಾದ್ ಆಗಿ ಹೇಳದೆ ಬಿಡುವಂತಿಲ್ಲ. ಈ ಕೆಲಸದಲ್ಲಿ ಕೈ ಕೊಳೆ ಮಾಡಿಕೊಳ್ಳುವ ದಾರಿಗಳೂ ಇವೆ. ಹೊಸ ಕನೆಕ್ಷನ್ ಬೇಗ ಕೊಡಿಸಲು ಇಷ್ಟು, ಸುಟ್ಟ ಟಿ.ಸಿ. ಬದಲಿಸಲು ರೈತರಿಂದ ಇಷ್ಟು, ಕೊಕ್ಕೆ ಹಾಕಿದ್ದನ್ನು ನೋಡಿಯೂ ನೋಡದಂತಿರಲು ಇಷ್ಟು. ಸಂಬಳ ಹಲಾಲ್ ಆಗಿದ್ದು ಮೇಲಿನದ್ದು ಹರಾಮ್ ಆದರೆ ಮನೆಗೆ ಬರ್ಕತ್ ಎಲ್ಲಿಂದ? ಹುಮನಾಬಾದಿನ ಹುಡುಗ ಹೇಳಿದ, "ಮೊದಲನೇ ಸಲ ಬ್ಯಾಡ ಅನ್ನೋದು ಕಷ್ಟ ರಿ, ಆಮ್ಯಾಲ ಯಾರೂ ಕೊಡಾಕ ಬರಂಗಿಲ್ಲ."

ಹಾಗೆಯೇ ಕೊಡುವವರ ಬದಿಗೂ ಹೇಳಬೇಕು. ಕರೆಂಟ್ ಕದಿಯುವುದು 2003ರ ವಿದ್ಯುತ್ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲಿನ ಅಪರಾಧ. ಉರೂಸಿಗೆ, ಸಭೆಗೆ, ಮದುವೆ ಚಪ್ಪರಕ್ಕೆ ಕಂಬದಿಂದ ನೇರ ವಯರ್ ಎಳೆಯುವುದೂ ಕಳವೇ. ತಾತ್ಕಾಲಿಕ ಕನೆಕ್ಷನ್ ದುಡ್ಡು ಕಟ್ಟಿದರೆ ಸಿಗುತ್ತದೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಉಚಿತ ಸಿಗುವ ಕಾಲದಲ್ಲಿ ಕೊಕ್ಕೆ ಹಾಕಲು ಬಡತನದ ನೆಪವೂ ಇಲ್ಲ.

ನಮಾಝಿನ ವಿಷಯ ಆ ಉಮ್ಮ ಕೇಳಿದ್ದರು. ಜುಮಾಕ್ಕೆ ತೊಂದರೆ ಆಗುವುದು ಅಪರೂಪ, ಸೆಕ್ಷನ್ನಿನಲ್ಲಿ ಒಬ್ಬರಿಗೊಬ್ಬರು ಹೊಂದಿಸಿಕೊಳ್ಳುತ್ತಾರೆ. ಇವನು ದೀಪಾವಳಿಗೆ ಡ್ಯೂಟಿ ಮಾಡುತ್ತಾನೆ, ಜೊತೆಯವರು ಈದಿಗೆ ಮಾಡುತ್ತಾರೆ. ಗಾಳಿ ಮಳೆಯ ದಿನ ಮಾತ್ರ ಯಾರಿಗೂ ಹಬ್ಬ ಇಲ್ಲ.

ಅರ್ಜಿ ಹಾಕುವ ಮೊದಲು

ಊರಿಗೆ ಬಂದ ಮೇಲೆ ಆ ಉಮ್ಮನನ್ನೂ ಹುಡುಗನನ್ನೂ ಕೂರಿಸಿ ನೋಡಿದ್ದನ್ನೆಲ್ಲ ಹೇಳಿದೆವು. ಫೋಟೊದ ಮನೆಯ ವಿಷಯವನ್ನೂ ಮುಚ್ಚಿಡಲಿಲ್ಲ. ನಮ್ಮ ಓದುಗರ ಮನೆಯಲ್ಲೂ ಇಂಥ ಹುಡುಗ ಇದ್ದರೆ ನೆನಪಿಡಬೇಕಾದ್ದು ಇಷ್ಟು.

ಕಾಯಂ ಕೆಲಸವೋ ಗುತ್ತಿಗೆಯೋ ಎಂದು ಮೊದಲು ಕೇಳಿ. ಕಂಬ ಒಂದೇ, ಅಪಾಯ ಒಂದೇ, ಆದರೆ ಹಿಂದೆ ನಿಲ್ಲುವವರು ಬೇರೆ. ಗುತ್ತಿಗೆಯಾದರೆ ಪಿಎಫ್ ನಂಬರ್, ಇಎಸ್‌ಐ ಕಾರ್ಡ್ ಕೈಗೆ ಬಾರದೆ ಕಂಬ ಮುಟ್ಟಬೇಡಿ. ಸಂಬಳ ಬ್ಯಾಂಕಿಗೇ ಬರಲಿ, ನಾಳೆ ಲೆಕ್ಕ ಕೇಳುವಾಗ ಅದೇ ಸಾಕ್ಷಿ. ಬಿಲ್ ಹಂಚಿ ವಸೂಲು ಮಾಡುವ ಗ್ರಾಮ ವಿದ್ಯುತ್ ಪ್ರತಿನಿಧಿ, ಮೀಟರ್ ರೀಡರ್ ಕೆಲಸಗಳೂ ಕಾಯಂ ಅಲ್ಲ. ಅವರಿಗೆ ಕಂಬ ಹತ್ತುವ ಅಧಿಕಾರವೇ ಇಲ್ಲ, ಯಾರಾದರೂ ಹತ್ತಿಸಿದರೆ ಇಲ್ಲ ಎನ್ನಬೇಕು.

ಕಾಯಂ ಹುದ್ದೆಗೆ ದಲ್ಲಾಳಿ ಬೇಡ. ಅಂಕ ಮತ್ತು ಕಂಬ, ಎರಡೇ. ದುಡ್ಡು ಕೊಟ್ಟರೆ ಮಾಡಿಸುತ್ತೇನೆ ಎನ್ನುವವನನ್ನು ಹೊಸ್ತಿಲಿನಿಂದಲೇ ಕಳುಹಿಸಿ. ಜಾತಿ, ಆದಾಯ ಪ್ರಮಾಣ ಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಪತ್ರ, ಗ್ರಾಮೀಣ ಪತ್ರ ಮೊದಲೇ ಮಾಡಿಸಿಡಿ. ಅರ್ಜಿ ಕರೆದ ಮೇಲೆ ಓಡಾಡಿ ಕೊನೆಯ ದಿನ ತಪ್ಪಿಸಿಕೊಂಡವರನ್ನು ನೋಡಿದ್ದೇವೆ. ಈಗ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರು ಇದನ್ನು ಮುಖ್ಯವಾಗಿ ಕೇಳಿಸಿಕೊಳ್ಳಿ: ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಅಂಕದಲ್ಲಿ. ಪಾಸಾದರೆ ಸಾಕು ಎಂಬ ಕಾಲ ಇದಲ್ಲ.

ಕೊನೆಯದಾಗಿ, ಎತ್ತರ ಕಂಡರೆ ತಲೆ ಸುತ್ತುವ, ಅವಸರದ, ಹೇಳಿದ ಮಾತು ಕೇಳದ ಹುಡುಗನನ್ನು ಈ ಕೆಲಸಕ್ಕೆ ಒತ್ತಾಯಿಸಬೇಡಿ. ಇದು ಧೈರ್ಯಕ್ಕಿಂತ ತಾಳ್ಮೆಯ ಕೆಲಸ. ರಾಡ್ ಹಾಕಲು ಬೇಕಾದ ಹತ್ತು ನಿಮಿಷದ ತಾಳ್ಮೆ ಇಲ್ಲದವನಿಗೆ ಅಂಗಡಿಯೇ ಒಳ್ಳೆಯದು.

ಉಮ್ಮ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೆಲ್ಟ್, ರಾಡ್ ಇಲ್ಲದೆ ಹತ್ತುವುದಿಲ್ಲ ಎಂದು ನಿಮ್ಮ ಮುಂದೆ ಅವನು ಮಾತು ಕೊಡಲಿ ಉಸ್ತಾದ್" ಎಂದರು. ಹುಡುಗ ಕೊಟ್ಟ. ಮುಂದಿನ ಸಲ ಅರ್ಜಿ ಕರೆಯುವುದನ್ನು ಕಾಯುತ್ತಿದ್ದಾನೆ. ಬೆಳಿಗ್ಗೆ ಸುಬಹಿ ನಮಾಝ್ ಆದ ಮೇಲೆ ಶಾಲೆಯ ಮೈದಾನದಲ್ಲಿ ಓಡುತ್ತಾನೆ, ಈಗ ಅವನ ಜೊತೆ ಇನ್ನೂ ಮೂವರು ಓಡುತ್ತಿದ್ದಾರೆ. ರಜೆಯ ದಿನ ಹುಮನಾಬಾದಿನ ಹುಡುಗನೇ ಬಂದು ನೋಡಿ ಹೋಗುತ್ತಾನೆ.

ನಮ್ಮ ಪಾಲಿಗೆ ಒಂದು ಕೆಲಸ ಉಳಿದಿತ್ತು. ಆ ಫೋಟೊದ ಮನೆಯಿಂದ ಬಂದಾಗಿನಿಂದ ಮನಸ್ಸು ಕೊರೆಯುತ್ತಿತ್ತು. ನಮ್ಮ ಮದ್ರಸದಲ್ಲೂ ಒಂದು ಹಳೆಯ ಜನರೇಟರ್ ಇದೆ, ದಾನವಾಗಿ ಬಂದದ್ದು. ಎಲೆಕ್ಟ್ರಿಷಿಯನನ್ನು ಕರೆಸಿ ನೋಡಿಸಿದೆವು. ಮೇನ್ ಸ್ವಿಚ್ ಆಫ್ ಮಾಡಿ ಪ್ಲಗ್ಗಿಗೆ ವಯರ್ ಸಿಕ್ಕಿಸುವುದು, ಅಷ್ಟೇ ವ್ಯವಸ್ಥೆ. ಮೇನ್ ಆಫ್ ಮಾಡಲು ಒಂದು ದಿನ ಮರೆತರೆ ಮುಗಿಯಿತು. ಎಷ್ಟೋ ವರ್ಷ, ಎಷ್ಟೋ ಮಳೆಗಾಲದ ರಾತ್ರಿ ನಾವೇ ಅದನ್ನು ಹಚ್ಚಿದ್ದೆವು. ಆಗೆಲ್ಲ ಕಂಬದ ಮೇಲೆ ಯಾರ ಮಗ ಇದ್ದನೋ.

ಮರುದಿನವೇ ಚೇಂಜ್ ಓವರ್ ಸ್ವಿಚ್ ಹಾಕಿಸಿದೆವು. ದೊಡ್ಡ ಖರ್ಚೇನೂ ಆಗಲಿಲ್ಲ. ನಿಮ್ಮ ಮನೆ, ಅಂಗಡಿ, ಮಸೀದಿ, ಹಾಲಿನ ಜನರೇಟರಿಗೆ ಅದು ಇದೆಯೇ ಎಂದು ಈ ಶುಕ್ರವಾರ ಒಮ್ಮೆ ನೋಡಿ. ಮಳೆ ಬರುವ ಮೊದಲೇ ನೋಡಿ.